ಆಪರೇಷನ್ ಆಯ್ತು, ರೇಡಿಯೇಷನ್ ಬೇಕಾ?

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಆಪರೇಷನ್ ಆದಮೇಲೆ ಮುಂದೇನು ಎಂದು ಕೇಳಿದರೆ ಅಟ್ಲಾಂಟಿಕ್‌ನ ಎರಡು ದಡಗಳಲ್ಲಿ ಎರಡು ಉತ್ತರ ಸಿಗುತ್ತವೆ. ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿ ನಮ್ಮ ಭಾವನಿಗೆ ಆರು ತಿಂಗಳ ಕೀಮೋ ಎಂದರು, ಅಷ್ಟೇ. ಅಮೆರಿಕದಲ್ಲಿರುವ ಅಣ್ಣ ಫೋನಿನಲ್ಲಿ, "ರೇಡಿಯೇಷನ್ ಕೊಡಲ್ವಂತಾ? ದುಡ್ಡು ಉಳಿಸ್ತಿದ್ದಾರೆ ಕಣೋ" ಅಂದ. ಹೊರದೇಶಗಳಲ್ಲಿ ಹಂಚಿಹೋದ ನಮ್ಮಂಥ ಮನೆಗಳಲ್ಲಿ ಈ ಅನುಮಾನ ಬೇಗ ಹಬ್ಬುತ್ತದೆ. ಜಾಸ್ತಿ ಕೊಟ್ಟರೆ ಒಳ್ಳೆಯ ಚಿಕಿತ್ಸೆ, ಕಡಿಮೆ ಕೊಟ್ಟರೆ ಜಿಪುಣತನ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಈ ಭೇದ ಇವತ್ತಿನದಲ್ಲ. 1985ರಲ್ಲಿ ಅಮೆರಿಕದ ಒಂದು ಪ್ರಯೋಗದಲ್ಲಿ, ಆಪರೇಷನ್ ನಂತರ ಕೀಮೋ ಜೊತೆ ರೇಡಿಯೇಷನ್ ಪಡೆದವರು ಹೆಚ್ಚು ಕಾಲ ಬದುಕಿದರು. ಇದ್ದದ್ದು 43 ಜನ ಮಾತ್ರ. ಆದರೂ ಅಲ್ಲಿ ಅದೇ ರೂಢಿಯಾಯಿತು. ಯುರೋಪಿನವರು ಅದನ್ನು ದೊಡ್ಡದಾಗಿ ಪರೀಕ್ಷಿಸಿದರು. ಎಸ್ಪಾಕ್-1 ಎಂಬ ಆ ಪ್ರಯೋಗದ ಫಲಿತಾಂಶ 2004ರಲ್ಲಿ ಬಂತು, ಅದರಲ್ಲಿ 289 ಜನರಿದ್ದರು. ಕೀಮೋ ಪಡೆದವರಲ್ಲಿ ಐದು ವರ್ಷ ದಾಟಿದವರು ಶೇ. 21, ಪಡೆಯದವರಲ್ಲಿ ಶೇ. 8. ಕೀಮೋ-ರೇಡಿಯೇಷನ್ ಒಟ್ಟಿಗೆ ಪಡೆದವರಲ್ಲಿ ಶೇ. 10, ಪಡೆಯದವರಲ್ಲಿ ಶೇ. 20! ಉಪಕಾರ ಹಾಗಿರಲಿ, ಅಪಕಾರವೇ ಆಗಿರಬಹುದು ಎಂದು ಯುರೋಪ್ ರೇಡಿಯೇಷನ್‌ನಿಂದ ದೂರ ಸರಿಯಿತು.

ಅಮೆರಿಕದವರು ತಕರಾರು ತೆಗೆದರು. ರೇಡಿಯೇಷನ್ ಕೊಟ್ಟ ರೀತಿಯೇ ಹಳೆಯದು, ನಡುವೆ ಬಿಡುವು ಕೊಟ್ಟು ಕೊಟ್ಟಿದ್ದಾರೆ, ಗುಣಮಟ್ಟ ನೋಡಿಕೊಂಡಿಲ್ಲ ಅಂತ. ಆ ಮಾತಿನಲ್ಲಿ ಸತ್ಯವಿದೆ. ಹಾಗಾಗಿ ಅವರೇ ಹೊಸ ವಿಧಾನದಲ್ಲಿ ಇನ್ನೊಂದು ಪ್ರಯೋಗ ಮಾಡಿದರು. 2024ರಲ್ಲಿ ಬಂದ ಅದರ ಫಲಿತಾಂಶದಲ್ಲೂ ಎಲ್ಲರನ್ನೂ ಸೇರಿಸಿ ನೋಡಿದರೆ ಆಯಸ್ಸು ಹೆಚ್ಚಲಿಲ್ಲ. ಅಕ್ಕಪಕ್ಕದ ಸಣ್ಣ ಗ್ರಂಥಿಗಳಾದ ಲಿಂಫ್ ನೋಡ್‌ಗಳಿಗೆ ರೋಗ ಹರಡದವರಿಗೆ ಮಾತ್ರ ಲಾಭ ಕಂಡಿತು. ಅಂದರೆ ಕತ್ತರಿಸಿ ತೆಗೆದ ಭಾಗವನ್ನು ಪರೀಕ್ಷಿಸಿ ಬರೆದ ಪೆಥಾಲಜಿ ರಿಪೋರ್ಟ್ ಓದದೆ ರೇಡಿಯೇಷನ್ ಬೇಕು, ಬೇಡ ಅನ್ನುವುದೇ ತಪ್ಪು. ನೋಡ್‌ಗಳು ಹೇಗಿವೆ, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕೋಶ ಉಳಿದಿವೆಯೇ, ಮೊದಲು ಅದನ್ನು ಕೇಳಬೇಕು.

ಕೀಮೋ ವಿಷಯದಲ್ಲಿ ಎರಡೂ ದಡ ಒಂದೇ ಮಾತು ಹೇಳುತ್ತವೆ. ಮೈ ತಡೆದರೆ ತೆಗೆದುಕೊಳ್ಳಿ. ಯಾವ ಕೀಮೋ ಅನ್ನುವುದೇ ಕಷ್ಟದ ಪ್ರಶ್ನೆ. 2018ರಲ್ಲಿ ಫ್ರಾನ್ಸ್ ಮತ್ತು ಕೆನಡಾದ ವೈದ್ಯರು ನಾಲ್ಕು ಔಷಧಗಳ ಫಾಲ್ಫಿರಿನಾಕ್ಸ್ ಅನ್ನು ಸ್ವಲ್ಪ ತಗ್ಗಿಸಿ ಕೊಟ್ಟು, ಜೆಮ್‌ಸೈಟಾಬಿನ್ ಒಂದನ್ನೇ ಪಡೆದವರ ಜೊತೆ ಹೋಲಿಸಿದರು. ಫಾಲ್ಫಿರಿನಾಕ್ಸ್ ಪಡೆದವರ ಬದುಕಿನ ಮಧ್ಯಾಂಕ (ಅರ್ಧ ಜನ ದಾಟಿದ ಅವಧಿ) 54.4 ತಿಂಗಳು, ಜೆಮ್‌ಸೈಟಾಬಿನ್‌ನದ್ದು 35. ದೊಡ್ಡ ಅಂತರ, ಅಲ್ವಾ? ಆದರೆ ತೀವ್ರ ಅಡ್ಡಪರಿಣಾಮ ನಾಲ್ವರಲ್ಲಿ ಮೂವರಿಗೆ. ಇನ್ನೊಂದು ಮಾತು: ಆ ಪ್ರಯೋಗಕ್ಕೆ ಸೇರಿಸಿಕೊಂಡಿದ್ದು ಆಪರೇಷನ್‌ನಿಂದ ಚೆನ್ನಾಗಿ ಚೇತರಿಸಿಕೊಂಡವರನ್ನು.

ಎಲ್ಲರೂ ಹಾಗಿರುವುದಿಲ್ಲ. ಮೇದೋಜೀರಕದ ತಲೆಭಾಗ ತೆಗೆಯುವ ವಿಪಲ್ ಆಪರೇಷನ್ ಆದಮೇಲೆ ತೂಕ ಇಳಿಯುತ್ತದೆ, ಉಂಡದ್ದು ಅರಗುವುದಿಲ್ಲ, ಎಷ್ಟೋ ಜನರಿಗೆ ಸಕ್ಕರೆ ಕಾಯಿಲೆ ಶುರುವಾಗುತ್ತದೆ. ಊಟದ ಜೊತೆ, ಅರಗಿಸಲು ಕೊಡುವ ಎನ್‌ಜೈಮ್ ಮಾತ್ರೆ ಸರಿಯಾಗಿ ತೆಗೆದುಕೊಳ್ಳದೆ ಭೇದಿಯಲ್ಲಿ ನರಳುತ್ತಿರುವವರ ಮೇಲೆ, ಭೇದಿ ತರುವ ಕೀಮೋ ಹಾಕಿದರೆ ಏನಾದೀತು? ಮನೆಯವರಿಗೆ ಮಾತ್ರ ಒಂದೊಂದು ವಾರ ತಡವಾದರೂ ಜೀವ ಹೋದಂತಾಗುತ್ತದೆ. ಇಲ್ಲಿ ಎಸ್ಪಾಕ್-3 ಎಂಬ ಮುಂದಿನ ಪ್ರಯೋಗ ಸಮಾಧಾನ ಕೊಡುತ್ತದೆ. ಬೇಗ ಶುರುಮಾಡುವುದಕ್ಕಿಂತ ಆರೂ ಸುತ್ತು ಮುಗಿಸುವುದೇ ಮುಖ್ಯ, 12 ವಾರದವರೆಗೆ ಕಾಯಬಹುದು ಎಂದು ಅದರಲ್ಲಿ ಗೊತ್ತಾಯಿತು. ಆ ವಾರಗಳಲ್ಲಿ ಡಯಟಿಷಿಯನ್‌ಗೆ ಆಂಕಾಲಜಿಸ್ಟ್‌ನಷ್ಟೇ ಕೆಲಸವಿದೆ ಅನ್ನುವುದು ನನ್ನ ಅನಿಸಿಕೆ. ಜೊತೆಗೆ ಡಿಪಿವೈಡಿ ಜೀನ್ ಪರೀಕ್ಷೆ. ಆ ಜೀನ್‌ನಲ್ಲಿ ದೋಷವಿದ್ದವರಿಗೆ ಆ ನಾಲ್ಕು ಔಷಧಗಳಲ್ಲೊಂದಾದ ಫ್ಲೋರೊಯುರಾಸಿಲ್ ವಿಷವಾಗಬಹುದು. ಯುರೋಪಿನ ಔಷಧ ನಿಯಂತ್ರಕರು 2020ರಲ್ಲೇ ಇದನ್ನು ಮೊದಲು ಮಾಡಿಸಿ ಎಂದು ಶಿಫಾರಸು ಮಾಡಿದ್ದಾರೆ.

ನಮ್ಮ ಭಾವ ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವರು. ಆ ನಾಲ್ಕರಲ್ಲಿ ಇನ್ನೊಂದಾದ ಆಕ್ಸಾಲಿಪ್ಲಾಟಿನ್‌ನಿಂದ ಬೆರಳು ಜೋಮು ಹಿಡಿಯಬಹುದು, ಕೆಲವರಿಗೆ ಹೋಗುವುದೇ ಇಲ್ಲ ಎಂದಾಗ ಮನೆಯಲ್ಲಿ ನಾವೆಲ್ಲ "ಜೀವ ಮುಖ್ಯ, ಬೆರಳಲ್ಲ" ಅಂದೆವು. ಅವರು ಒಪ್ಪಲಿಲ್ಲ. ನಾಲ್ಕು ಔಷಧದಲ್ಲೇ ಶುರುಮಾಡೋಣ, ಎರಡು ಸುತ್ತಿನ ನಡುವೆ ಜೋಮು ಇಳಿಯದಿದ್ದರೆ ಅದೊಂದನ್ನು ಬಿಟ್ಟು ಉಳಿದದ್ದು ಕೊಡಿ ಎಂದು ಡಾಕ್ಟರ ಹತ್ತಿರ ಮೊದಲೇ ಮಾತಾಡಿಕೊಂಡರು. ಡಾಕ್ಟರೂ ಹಾಗೇ ಬರೆದುಕೊಂಡರು.