ಸತ್ಯಾಂಶ: ಸ್ಕ್ಯಾನ್ ಮಾಡಿದ ಪಿಡಿಎಫ್ 'ಎಲೆಕ್ಟ್ರಾನಿಕ್ ಬಿಲ್ ಆಫ್ ಲೇಡಿಂಗ್' ಅಲ್ಲ

"ಈಗ ಎಲ್ಲಾ ಡಿಜಿಟಲ್. ಬಿಲ್ ಆಫ್ ಲೇಡಿಂಗ್ ಸ್ಕ್ಯಾನ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ್ರೆ ಸಾಕು, ಸರಕು ಬಿಡಿಸಬಹುದು" ಎಂಬ ಫಾರ್ವರ್ಡ್ ರಫ್ತುದಾರರ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಬಿಲ್ ಆಫ್ ಲೇಡಿಂಗ್ ಅಂದರೆ ಸರಕು ಪಡೆದದ್ದಕ್ಕೆ ಹಡಗು ಕಂಪನಿ ಕೊಡುವ ರಸೀದಿ, ಸರಕಿನ ಹಕ್ಕುಪತ್ರವೂ ಹೌದು.

ಮಂಗಳೂರಿನಿಂದ ಇಟಲಿಗೆ ಒಂದು ಕಂಟೇನರ್ ಕಾಫಿ ಹೊರಟಿದೆ ಅಂದುಕೊಳ್ಳಿ. ಹಡಗು ಕಂಪನಿ ಸಾಮಾನ್ಯವಾಗಿ ಮೂರು ಮೂಲ ಪ್ರತಿ ಕೊಡುತ್ತದೆ. 'ಆರ್ಡರ್' ಬಿಲ್ (ಹಿಂಬದಿ ಸಹಿ ಹಾಕಿ ಬೇರೆಯವರಿಗೆ ದಾಟಿಸಬಹುದಾದದ್ದು) ಆದರೆ, ಹಿಂಬದಿ ಸಹಿ ಸರಿಯಾಗಿರುವ ಮೂಲ ಪ್ರತಿ ತಂದವರಿಗೇ ಸರಕು. ಬ್ಯಾಂಕು ಅದನ್ನು ಅಷ್ಟು ಜೋಪಾನ ಮಾಡುವುದು ಸುಮ್ನೆ ಅಲ್ಲ. ಪಿಡಿಎಫ್ ಆದರೋ ಹತ್ತು ಜನರ ಫೋನಿನಲ್ಲಿ ಒಂದೇ ಥರ ಇರುತ್ತದೆ. ಕಾಫಿ ಯಾರಿಗೆ ಕೊಡಬೇಕು, ಹೇಳಿ?

ನಿಜವಾದ ಎಲೆಕ್ಟ್ರಾನಿಕ್ ಬಿಲ್ ಒಂದು ಸುರಕ್ಷಿತ ವ್ಯವಸ್ಥೆಯೊಳಗೆ ಇರುತ್ತದೆ. ಅದರ ಹಿಡಿತ ಒಂದು ಸಲಕ್ಕೆ ಒಬ್ಬರ ಕೈಯಲ್ಲಿ ಮಾತ್ರ. ಮುಂದಿನವರಿಗೆ ದಾಟಿಸಿದ ಕ್ಷಣ ನಿಮ್ಮ ಹಕ್ಕು ಮುಗಿಯಿತು, ಥೇಟ್ ಕಾಗದದ ಹಾಗೇ.

ಹಾಗಂತ "ಡಿಜಿಟಲ್‌ಗೆ ಕಾನೂನೇ ಇಲ್ಲ" ಅನ್ನುವುದೂ ಸರಿಯಲ್ಲ. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗವಾದ ಅನ್‌ಸಿಟ್ರಾಲ್ 2017ರಲ್ಲೇ ಇಂಥ ಎಲೆಕ್ಟ್ರಾನಿಕ್ ದಾಖಲೆಗಳಿಗೆ ಮಾದರಿ ಕಾನೂನು ರೂಪಿಸಿತು. ಸಿಂಗಾಪುರ 2021ರಲ್ಲಿ ಅದನ್ನು ಅಳವಡಿಸಿಕೊಂಡಿತು. ಇವುಗಳಿಗೆ ಮಾನ್ಯತೆ ಕೊಡುವ ಬ್ರಿಟನ್ನಿನ ಕಾಯ್ದೆ 2023ರ ಸೆಪ್ಟೆಂಬರ್ 20ರಂದು ಜಾರಿಗೆ ಬಂತು. ಹಡಗು ಒಪ್ಪಂದಗಳಲ್ಲಿ ಇಂಗ್ಲಿಷ್ ಕಾನೂನಿನ ಬಳಕೆ ಜಾಸ್ತಿ ಅಲ್ವಾ, ಹಾಗಾಗಿ ಇದು ದೊಡ್ಡ ಹೆಜ್ಜೆ.

ಸರಕು ಹೊರಡುವ ಮೊದಲೇ ಖರೀದಿದಾರ, ಬ್ಯಾಂಕು, ಹಡಗು ಕಂಪನಿ ಮೂವರೂ ಯಾವ ವ್ಯವಸ್ಥೆ ಒಪ್ಪುತ್ತಾರೆ ಎಂದು ಕೇಳಿಕೊಳ್ಳಿ.