ಶನಿಯನ್ನು ಕಾಯಿಸಿದರೆ ಗುರು

ಏಳರಾಟದ ಶನಿ ಬೆನ್ನು ಬಿದ್ದಿದೆ, ನೀಲ ಕೊಳ್ಳೋಕೆ ದುಡ್ಡಿಲ್ಲ ಅಂದರೆ ರತ್ನದಂಗಡಿಯವರು ನೇರಳೆ ಬಣ್ಣದ ಕಟೇಲಾ ತೋರಿಸುತ್ತಾರೆ. ಗುರುಬಲ ಬೇಕು, ಪುಷ್ಯರಾಗ ಕೈಗೆಟುಕಲ್ಲ ಅಂದರೆ ಹಳದಿ ಸುನೇಲಾ. ಮೊದಲನೆಯದು ಶನಿವಾರ ನಡುಬೆರಳಿಗೆ, ಎರಡನೆಯದು ಗುರುವಾರ ತೋರುಬೆರಳಿಗೆ. ಅದಲು ಬದಲಾದರೆ ಅನಾಹುತವಂತೆ.

ಕಟೇಲಾ ಅಂದರೆ ಅಮೆಥಿಸ್ಟ್, ಸುನೇಲಾ ಅಂದರೆ ಸಿಟ್ರಿನ್. ಎರಡೂ ಸ್ಫಟಿಕ. ಅಂದರೆ ಮರಳಿನಲ್ಲಿರುವ ಅದೇ ಸಿಲಿಕಾ.

ದಕ್ಷಿಣ ಬ್ರೆಜಿಲ್‌ನಲ್ಲಿ ಸುಮಾರು 13 ಕೋಟಿ ವರ್ಷದ ಹಿಂದೆ ಹರಿದ ಲಾವಾ ಆರುವಾಗ ಒಳಗೆ ಗುಳ್ಳೆಗಳು ಉಳಿದುಕೊಂಡವು. ಸಿಲಿಕಾ ಕರಗಿದ ನೀರು ಅಲ್ಲಿಗೆ ಇಳಿದು, ಗುಳ್ಳೆಯ ಗೋಡೆಗೆ ಹರಳು ಕಟ್ಟಿತು. ಜೊತೆಗೆ ಚೂರೇ ಚೂರು ಕಬ್ಬಿಣವೂ ನುಸುಳಿತು. ಅಷ್ಟಕ್ಕೇ ನೇರಳೆ ಬರಲಿಲ್ಲ. ಸುತ್ತಲಿನ ಬಂಡೆಯ ಗಾಮಾ ವಿಕಿರಣ ಲಕ್ಷಾಂತರ ವರ್ಷ ಬಿದ್ದು, ಆ ಕಬ್ಬಿಣದಿಂದ ಎಲೆಕ್ಟ್ರಾನ್ ಕಿತ್ತಮೇಲೆ ಬಂತು. ರೇಡಿಯೇಷನ್ ಬರುತ್ತೆ, ಬೀದಿಯಲ್ಲಿ ಮೊಬೈಲ್ ಟವರ್ ಬೇಡ ಅಂತ ಅರ್ಜಿಗೆ ಸಹಿ ಹಾಕುವ ಬೆರಳಲ್ಲೂ ಇದೇ ಉಂಗುರ! ಹೆದರಬೇಡಿ, ಕಲ್ಲಿನಿಂದ ವಿಕಿರಣ ಹೊರಡುವುದಿಲ್ಲ. ಬೇರೇನೂ ಹೊರಡುವುದಿಲ್ಲ.

ಈ ಅಮೆಥಿಸ್ಟನ್ನು ಕುಲುಮೆಯಲ್ಲಿಟ್ಟು 450 ಡಿಗ್ರಿ ಆಸುಪಾಸಿಗೆ ಕಾಯಿಸಿದರೆ ನೇರಳೆ ಹೋಗಿ ಹಳದಿ ಬರುತ್ತದೆ. ಪೇಟೆಯಲ್ಲಿ ಸಿಗುವ ಸಿಟ್ರಿನ್‌ನಲ್ಲಿ ಬಹುಪಾಲು ಹೀಗೆ ತಯಾರಾದದ್ದೇ. ತುದಿಯಲ್ಲಿ ಸುಟ್ಟ ಕಿತ್ತಳೆ, ಬುಡದಲ್ಲಿ ಬಿಳಿ ಇರುವ ಗೊಂಚಲು ಕಂಡರೆ ಅದು ಕುಲುಮೆ ಹೊಕ್ಕು ಬಂದದ್ದು ಅಂತಲೇ ಲೆಕ್ಕ. ನಿನ್ನೆವರೆಗೆ ಶನಿಯ ಇಲಾಖೆಯಲ್ಲಿದ್ದ ಕಲ್ಲು ಇವತ್ತು ಗುರುವಿನ ಇಲಾಖೆಗೆ ವರ್ಗ. ಶಾಸಕರ ಪತ್ರವೂ ಬೇಕಿಲ್ಲ! ಬ್ರೆಜಿಲ್‌ನದೇ ಮೊಂಟೆಜುಮಾ ಗಣಿಯ ಅಮೆಥಿಸ್ಟ್ ಕಾಯಿಸಿದರೆ ಹಸಿರಾಗುತ್ತದೆ. ಅದನ್ನು ಬುಧನಿಗೆ ಕೊಡೋಣ. ಕುಜನಿಗೆ ಕೆಂಪು ಬೇಕಾದರೆ ಗುಜರಾತಿನ ಖಂಬಾತ್ ಇದೆ. ಅಲ್ಲಿ ಮಂಕು ಅಗೇಟ್ ಕಲ್ಲನ್ನು ಸುಟ್ಟು ಕೆಂಪು ಮಾಡುವ ಕಸುಬು ಬಹಳ ಹಳೆಯದು. ಅಲ್ಲೂ ಕಬ್ಬಿಣದ್ದೇ ಕೈವಾಡ.

ಇತ್ತ ಹರಳಿನಿಂದ ಕಾಯಿಲೆ ವಾಸಿ ಮಾಡ್ತೀವಿ ಅನ್ನುವ ಕ್ರಿಸ್ಟಲ್ ಹೀಲಿಂಗ್‌ನವರಲ್ಲಿ ಕೆಲವರು ಅಮೆಥಿಸ್ಟನ್ನು ಬಿಸಿಲಲ್ಲಿಟ್ಟು ‘ಚಾರ್ಜ್’ ಮಾಡಿ ಅನ್ನುತ್ತಾರೆ. ಜಾಸ್ತಿ ದಿನ ಬಿಸಿಲಿಗಿಟ್ಟರೆ ಅದರ ಬಣ್ಣವೇ ಮಾಸುತ್ತದೆ. ಬಹುಶಃ ಬ್ಯಾಟರಿ ಫುಲ್ ಆಗಿರಬೇಕು.

ನಿಮ್ಮ ಶನಿಕಾಟ ಮುಗಿದು, ಮಗಳ ಮದುವೆಗೆ ಗುರುಬಲ ಬೇಕಾಯಿತು ಅನ್ನಿ. ಹಳೇ ಕಟೇಲಾ ಹಿಡಿದು ಅಂಗಡಿಗೆ ಹೋಗಿ, “ಸ್ವಾಮಿ, ಹೊಸದು ಯಾಕೆ ಸುಮ್ನೆ, ಇದನ್ನೇ ಸ್ವಲ್ಪ ಕಾಯಿಸಿ ಕೊಡಿ” ಅಂತ ಕೇಳಿ ನೋಡಿ.

“ಅಯ್ಯೋ, ಹಾಗೆಲ್ಲಾ ಬಿಸಿ ಮಾಡಬಾರದು ಸಾರ್, ಪವರ್ ಹೋಗಿಬಿಡುತ್ತೆ!”