ಕೋಡುಬಳೆಗೆ ಎಕ್ಸ್‌ಪೈರಿ 08/29

ಆನ್‌ಲೈನಿನಲ್ಲಿ ತರಿಸಿದ ಕೋಡುಬಳೆ ಹಳೇ ಹಾಳೆಯೊಂದರಲ್ಲಿ ಸುತ್ತಿಕೊಂಡು ಬಂತು. ಎಣ್ಣೆ ಜಿಡ್ಡಿನ ನಡುವೆ ‘08/29’ ಅಂತ ಕಂಡಿತು. ಭಲೇ, ವರ್ಷಗಟ್ಟಲೆ ಕೆಡದ ಕೋಡುಬಳೆ ಅಂದುಕೊಂಡೆ. ಹಾಳೆ ಬಿಡಿಸಿದರೆ ಹದಿನಾರು ಅಂಕಿ, ಕುವೆಂಪುನಗರದ ಯಾರೋ ಪುಣ್ಯಾತ್ಮರ ಹೆಸರು, ಪಕ್ಕದಲ್ಲಿ ಕೆಂಪು ಇಂಕಿನ ಮೂರಂಕಿ. ಸಾಕ್ಷಾತ್ ಕ್ರೆಡಿಟ್ ಕಾರ್ಡು!

ಅಂಗಡಿ ಮೈಸೂರಿನದೇ. ಹೋಗಿ ಕೇಳಿದೆ.

‘ಆರ್ಡರ್ ಬಂದ ತಕ್ಷಣ ನಂಬರೆಲ್ಲ ನನ್ನ ಈಮೇಲಿಗೆ ಬರುತ್ತೆ ಸಾರ್. ಪ್ರಿಂಟ್ ತೆಗೆದು ಬುಕ್ಕಿಗೆ ಇಳಿಸ್ಕೋತೀವಿ. ಮುಂದಿನ ಸಲ ನಿಮಗೆ ಟೈಪ್ ಮಾಡೋ ತೊಂದ್ರೆ ಬೇಡ ಅಂತ.’

‘ಮೂರಂಕಿಗೆ ಕೆಂಪು ಇಂಕು ಯಾಕೆ?’

‘ಸೀಕ್ರೆಟ್ ನಂಬರಲ್ವಾ, ಎದ್ದು ಕಾಣ್ಲಿ ಅಂತ.’

ಓಟಿಪಿ? ‘ಫೋನ್ ಮಾಡಿ ಕೇಳ್ತೀವಿ. ಕೊಡ್ತಾರೆ ಸಾರ್, ಮೈಸೂರು ಜನ ಒಳ್ಳೆಯವರು.’

ಗಲ್ಲಾಪೆಟ್ಟಿಗೆಗೆ ಬೀಗ, ತುಪ್ಪದ ಡಬ್ಬಕ್ಕೂ ಬೀಗ. ಬುಕ್ಕು ಮಾತ್ರ ಮೇಜಿನ ಮೇಲೆ, ಫ್ಯಾನಿನ ಗಾಳಿಗೆ ಹಾರದಿರಲೆಂದು ಮೇಲೊಂದು ಊದುಬತ್ತಿ ಸ್ಟ್ಯಾಂಡು. ನೆತ್ತಿಯ ಮೇಲಿನ ಸಿಸಿಟಿವಿ ಒಂದೊಂದು ಪುಟವನ್ನೂ ಬಿಡದೆ ಓದುತ್ತಿತ್ತು. ಅದು ಬ್ಯಾಕಪ್ಪಂತೆ. ‘ವೆಬ್‌ಸೈಟಿಗೂ ಬೀಗ ಹಾಕಿದೀವಿ’ ಎಂದರು. ನೋಡಿದೆ, ಬೀಗದ ಚಿತ್ರ ಅಂಟಿಸಿದ್ದರು. ಬ್ರೌಸರಿನ ಅಸಲಿ ಬೀಗವಾದರೂ ಕಾಯುವುದು ದಾರಿಯನ್ನಷ್ಟೇ. ನಂಬರು ಮನೆ ಸೇರಿದ ಮೇಲೆ ಕೋಡುಬಳೆ ಕಟ್ಟಲು ಹೊರಟರೆ ಅದೇನು ಮಾಡೀತು ಪಾಪ?

ನೋಟು ಅಚ್ಚಾಗುವ ಊರು ನಮ್ಮದು. ಆ ಕಾಂಪೌಂಡಿನ ಹತ್ತಿರ ಸುಮ್ಮನೆ ನಿಂತರೂ ಯಾಕೆ ನಿಂತೆ ಅಂತ ಕೇಳುತ್ತಾರೆ. ದೇಶದ ಬೆರಳಿಗೆಲ್ಲ ಹಚ್ಚುವ ಅಳಿಸಲಾಗದ ಶಾಯಿಯೂ ಇಲ್ಲಿಯದೇ, ಮೈಸೂರು ಪೇಂಟ್ಸ್‌ನದು. ಅದಾದರೂ ಉಗುರು ಬೆಳೆದಂತೆ ಹೋಗುತ್ತದೆ. ಈ ಬುಕ್ಕಿಗೆ ಹತ್ತಿದ ನಂಬರು ಮಾತ್ರ ಹೋಗದು.

ಕೂತು ಹೇಳಿದೆ: 2022ರ ಅಕ್ಟೋಬರ್ 1ರಿಂದ ಅಂಗಡಿಯವರು ಕಾರ್ಡ್ ನಂಬರು ಇಟ್ಟುಕೊಳ್ಳುವ ಹಾಗೇ ಇಲ್ಲ. ರಿಸರ್ವ್ ಬ್ಯಾಂಕಿನ ಆಜ್ಞೆ. ಕಾರ್ಡು ಕೊಟ್ಟ ಬ್ಯಾಂಕು, ವೀಸಾ, ರುಪೇಯಂಥ ನೆಟ್‌ವರ್ಕು, ಇವರ ಹತ್ತಿರ ಮಾತ್ರ ಇರಬೇಕು. ನಿಮಗೆ ಸಿಗುವುದು ಟೋಕನ್ನು, ಅಂದರೆ ಅಸಲಿ ನಂಬರಿನ ಬದಲಿಗೆ ಒಂದು ಸಂಕೇತ. ಕದ್ದವನು ಬೇರೆ ಅಂಗಡಿಗೆ ಒಯ್ದರೆ ಅದು ನಡೆಯೋದಿಲ್ಲ.

‘ಟೋಕನ್ ಸಿಸ್ಟಮ್ಮೇ ಸಾರ್ ನಮ್ದು’ ಎಂದು ಕಾಫಿ ಕೌಂಟರಿನ ಹಸಿರು ಬಿಲ್ಲೆ ತೋರಿಸಿದರು.

ಆ ಕೆಂಪು ಮೂರಂಕಿ, ಅಂದರೆ ಸಿವಿವಿಯನ್ನಂತೂ ದುಡ್ಡು ಸಂದಾಯವಾದ ಮೇಲೆ ಯಾವ ಗೂಢಲಿಪಿಯಲ್ಲೂ ಇಡಬಾರದು ಅಂತ ಕಾರ್ಡ್ ಕಂಪನಿಗಳದೇ ಕಟ್ಟಪ್ಪಣೆ ಎಂದೆ. ‘ಗೂಢಲಿಪಿ ಎಲ್ಲಾ ಇಲ್ಲ ಸಾರ್, ನಮ್ ಹುಡುಗನ ಅಕ್ಷರ ಮುತ್ತಿನ ಹಾಗಿದೆ.’

ಕೊನೆಗೆ ಗೋಗರೆದೆ. ‘ನನ್ನ ನಂಬರಿನಲ್ಲಿ ಕೊನೇ ನಾಲ್ಕು ಅಂಕಿ ಬೇಕಾದರೆ ಇಟ್ಟುಕೊಳ್ಳಿ, ಅಷ್ಟಕ್ಕೆ ಅನುಮತಿ ಇದೆ. ಮಿಕ್ಕಿದ್ದು ಅಳಿಸಿ ಸ್ವಾಮಿ.’

‘ಅಷ್ಟೇ ತಾನೇ? ಲೋ, ಸಾರ್‌ದು ಕೊನೇ ನಾಲ್ಕಂಕಿ ಅಳಿಸ್ಲಾ!’

ಹುಡುಗ ವೈಟ್ನರ್ ತಂದ. ಬಾಟಲಿ ಕುಲುಕಿ, ಕೊನೆಯ ನಾಲ್ಕು ಅಂಕಿಗೆ ಅಚ್ಚುಕಟ್ಟಾಗಿ ಬಳಿದು, ಉಫ್ ಅಂತ ಊದಿ ಒಣಗಿಸಿದ. ಮಿಕ್ಕ ಹನ್ನೆರಡು ಹಾಗೇ ಇದ್ದವು. ಪಕ್ಕದಲ್ಲಿ ಕೆಂಪು ಮೂರಂಕಿಯೂ.